ಹಲಸಿನ ಬಟ್ಟು ಕೂತ ಮಾರ್ಟಿನಿ

ಮೂರು ಮಳೆಗಾಲ ಕಳೆಯಲಿ, ಆಮೇಲೆ ಬರೆಯೋಣ ಅಂತ ಕಾದಿದ್ದೆ. ಮೂರನೆಯದೂ ಮುಗಿಯಿತು. ಬೆಳ್ತಂಗಡಿ ಕಡೆಯ ತೋಟದ ಮನೆಯಲ್ಲಿರುವ ಮಾರ್ಟಿನಿ ಕೋವಿಯನ್ನು ಮೊನ್ನೆ ತರಿಸಿ ಬಿಚ್ಚಿ ನೋಡಿದೆ. ಹಲಸಿನ ಬಟ್ಟು (ಹೆಗಲಿಗೆ ಒತ್ತಿ ಹಿಡಿಯುವ ಮರದ ಹಿಂಭಾಗ) ಕೂರಿಸಿದ ದಿನ ಹೇಗಿತ್ತೋ ಹಾಗೇ ಇದೆ. ಬಿರುಕಿಲ್ಲ, ಅಲುಗಾಟ ಇಲ್ಲ, ಬೂಸ್ಟೂ ಇಲ್ಲ.

ಹಲಸಿನ ಮರ ಕೋವಿಗೆ ಆಗುವುದಿಲ್ಲ ಅಂತ ಕೋವಿ ರಿಪೇರಿ ಕೆಲಸದಲ್ಲಿರುವ ಸುಮಾರು ಜನ ಹೇಳಿದ್ದರು. ಘಟ್ಟದ ಮೇಲಿನ ಒಬ್ಬರು ಫೋನಿನಲ್ಲೇ, "ಆಚಾರ್ರೇ, ಹಲಸು ಚೆಂಡೆಗೆ ಸರಿ, ಬಾಗಿಲಿಗೆ ಸರಿ. ಕೋವಿಗೆ ಹಾಕಿದ್ರೆ ಹತ್ತೇ ಹೊಡೆತಕ್ಕೆ ಸೀಳ್ತದೆ" ಅಂದಿದ್ದರು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ನನ್ನ ಮೊದಲ ಬಟ್ಟು ಹನ್ನೊಂದನೇ ಹೊಡೆತಕ್ಕೆ ಸೀಳಿತ್ತು.

ಅಪ್ಪನ ಕಾಲದಿಂದ ಮಂಗಳೂರಿನಲ್ಲಿ ನಮ್ಮದು ಲೈಸೆನ್ಸ್ ಇರುವ ರಿಪೇರಿ ಕೆಲಸ. ಬರುವುದು ಹೆಚ್ಚಾಗಿ ಸುಳ್ಯ, ಬೆಳ್ತಂಗಡಿ, ಕಾರ್ಕಳ, ಹೆಬ್ರಿ ಕಡೆಯ ಅಡಿಕೆ ತೋಟದವರ ಬೆಳೆ ರಕ್ಷಣೆ ಕೋವಿಗಳು. ನಡುವೆ ಅಪರೂಪಕ್ಕೆ ಹಳೆ ಮಿಲಿಟರಿ ಮೂಲದ್ದು ಬರುತ್ತದೆ. ಅದು ಬಂದ ದಿನ ನನಗೆ ಬೇರೆ ಕೆಲಸ ಬೇಡ ಅನಿಸುತ್ತದೆ. ಮಾರ್ಟಿನಿ ಬ್ರಿಟಿಷ್ ಸೈನ್ಯಕ್ಕೆ ಬಂದದ್ದು 1871ರಲ್ಲಿ. ಅದರ ಯಂತ್ರ ಕೂರುವ ಕಬ್ಬಿಣದ ಪೆಟ್ಟಿಗೆ ಎಷ್ಟು ಗಟ್ಟಿ ಅಂದರೆ, ಸೈನ್ಯ ಬಿಟ್ಟ ಮೇಲೂ ಅದೇ ವಿನ್ಯಾಸದ ಮೇಲೆ 12 ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಗಲ) ನಳಿಗೆ ಕೂರಿಸಿ ಶಿಕಾರಿ ಕೋವಿ ಮಾಡಿ ಮಾರಿದರು. ಸ್ನೈಡರ್ ಕೋವಿ ಅದಕ್ಕೂ ಹಿಂದಿನದು, 1866ರದ್ದು. ಅದಂತೂ ಹುಟ್ಟಿದ್ದೇ ಬದಲಾವಣೆಯಿಂದ. ಬಾಯಿಯಿಂದ ಮದ್ದು ತುಂಬುವ ಎನ್‌ಫೀಲ್ಡ್ ಕೋವಿಯ ನಳಿಗೆಯ ಹಿಂಭಾಗ ಕತ್ತರಿಸಿ, ಬಲಕ್ಕೆ ತೆರೆಯುವ ಮುಚ್ಚಳ ಕೂರಿಸಿದ್ದು. ಸಾವಿರಾರು ಕೋವಿಗೆ ಹೊಸ ಜೀವ ಕೊಟ್ಟ ಆ ಕೆಲಸ ನೆನೆದರೆ ನನಗೆ ಈಗಲೂ ಗೌರವ ಬರುತ್ತದೆ.

ಒಂದು ವಿಷಯ ಮೊದಲೇ ಹೇಳುತ್ತೇನೆ. ನಾನು ಬದಲಾಯಿಸುವುದು ಮರ ಮಾತ್ರ. ನಳಿಗೆ ಗಿಡ್ಡ ಮಾಡಿ, ಬೋರ್ ಬದಲಿಸಿ ಅಂತ ಕೇಳಿಕೊಂಡು ಬರುವವರಿದ್ದಾರೆ. ಅಂಥವರನ್ನು ಬಾಗಿಲಿಂದಲೇ ಕಳಿಸುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಏನು ಹೇಳುತ್ತದೆ ಅಂತ ಈ ಕೆಲಸದವರಿಗೆಲ್ಲ ಗೊತ್ತು. ಲೈಸೆನ್ಸ್ ಪುಸ್ತಕ, ನಂಬರ್ ಎರಡೂ ತಾಳೆ ಆಗದೆ ನಾನು ಸ್ಕ್ರೂ ಕೂಡ ಬಿಚ್ಚುವುದಿಲ್ಲ.

ಈ ಮಾರ್ಟಿನಿ ಬಂದಾಗ ಬಟ್ಟು ಎರಡು ತುಂಡಾಗಿತ್ತು. ಚುನಾವಣೆ ಸಮಯದಲ್ಲಿ ಪೊಲೀಸರಲ್ಲಿ ಠೇವಣಿ ಇಟ್ಟದ್ದು, ಮೂರು ತಿಂಗಳು ಎಲ್ಲೋ ತೇವದ ಮೂಲೆಯಲ್ಲಿ ನಿಂತಿದೆ. ಹಿಂದೆ ಬರುವಾಗ ಕುತ್ತಿಗೆ (ಕೈಯಲ್ಲಿ ಹಿಡಿಯುವ ತೆಳು ಭಾಗ) ಸೀಳಿತ್ತು, ಬೋಲ್ಟ್ ತುಕ್ಕು ಹಿಡಿದಿತ್ತು. ಮಾಲೀಕರು ನನಗಿಂತ ಹಿರಿಯರು. "ಇದು ಅಜ್ಜನ ಬೆಡಿ (ಕೋವಿ) ಮಾರಾಯ್ರೆ, ಹೇಗಾದ್ರೂ ಒಂದು ಮಾಡಿ ಕೊಡಿ" ಅಂದರು.

ಮೂಲ ಮರ ಅಕ್ರೋಟು. ಕಾಶ್ಮೀರದ ಅಕ್ರೋಟು ಹಲಗೆಗೆ ಆಗ ಸಾಗಾಟ ಸೇರಿ ಒಂಬತ್ತು ಸಾವಿರದ ಹತ್ತಿರ ಹೇಳಿದ್ದರು. ಕೋವಿಯ ಬೆಲೆಯೇ ಅಷ್ಟು ಬಾಳುವುದಿಲ್ಲ. ಹಾಗಂತ ಅಕ್ರೋಟು ನಮ್ಮ ಹವೆಗೆ ಒಗ್ಗುತ್ತದೆ ಅಂತಲೂ ಇಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ಇದು. ಜೂನ್‌ನಲ್ಲಿ ಉಬ್ಬುತ್ತದೆ, ಮಾರ್ಚ್‌ನಲ್ಲಿ ಕುಗ್ಗುತ್ತದೆ. ಬೀಟೆ ಚೆನ್ನ, ಆದರೆ ಭಾರ, ಕಾಗದಪತ್ರದ ತಲೆನೋವು ಬೇರೆ. ತೇಗದಲ್ಲಿ ಎರಡು ಮಾಡಿ ನೋಡಿದ್ದೇನೆ, ಎರಡೂ ಕುತ್ತಿಗೆಯಲ್ಲಿ ಎಳೆ ಬಿಟ್ಟವು. ಉಳಿದದ್ದು ಹಲಸು. ನಮ್ಮ ಹಿತ್ತಲಲ್ಲೇ ಬಿದ್ದ ಒಂದು ಮರ ಇತ್ತು.

ಆ ಮರದಿಂದ ಮಾಡಿದ್ದೇ ಹನ್ನೊಂದಕ್ಕೆ ಸೀಳಿದ್ದು. ಮರ ಬಿದ್ದು ಎಂಟು ತಿಂಗಳಾಗಿತ್ತು, ಮುಟ್ಟಿದರೆ ಒಣಗಿದ ಹಾಗೇ ಇತ್ತು. ಒಳಗೆ ಹಸಿ ಇತ್ತು. ಮಾರ್ಟಿನಿಯಲ್ಲಿ ಬಟ್ಟಿನ ಮುಂದಿನ ಮುಖ ಪೆಟ್ಟಿಗೆಯ ಹಿಂದಿನ ಕುಳಿಯಲ್ಲಿ ಕೂರುತ್ತದೆ. ಹಿಂದಿನಿಂದ ಒಂದು ಉದ್ದ ಬೋಲ್ಟ್ ಅದನ್ನು ಎಳೆದು ಹಿಡಿಯುತ್ತದೆ. ಮರ ಸ್ವಲ್ಪ ಕುಗ್ಗಿದರೂ ಬೋಲ್ಟ್ ಸಡಿಲ. ಮುಂದೆ ಕೋವಿ ಒದ್ದಾಗ ಆ ಒದೆತ ಇಡೀ ಮುಖಕ್ಕೆ ಬೀಳುವುದಿಲ್ಲ, ಒಂದು ಮೂಲೆಗೆ ಬೀಳುತ್ತದೆ. ಆ ಮೂಲೆಯಿಂದಲೇ ಸೀಳು ಶುರು. ನನಗಾದದ್ದು ಅದೇ. ಕೂಲಿ, ಮರ, ಓಡಾಟ ಸೇರಿ ನಾಲ್ಕು ಸಾವಿರ ಹೋಯಿತು. ಮಾಲೀಕರಿಂದ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.

ದಾರಿ ತೋರಿಸಿದ್ದು ಉಡುಪಿ ಕಡೆಯ ಒಬ್ಬ ಹಿರಿಯರು, ಚೆಂಡೆ ಮದ್ದಳೆ ಮಾಡುವವರು. ಅವರ ಬಳಿ ಹೋದದ್ದು ಯಕ್ಷಗಾನದ ಬೇರೆ ಯಾವುದೋ ಮಾತಿಗೆ. ಅಲ್ಲಿ ಮೂಲೆಯಲ್ಲಿ ಹಲಸಿನ ಕೊರಡುಗಳ ರಾಶಿ ಕಂಡಿತು. ಯೋಚನೆ ಮಾಡಿ ನೋಡಿ, ಚೆಂಡೆ ಅಂದರೆ ಸುಮ್ನೆ ಅಲ್ಲ. ರಾತ್ರಿಯಿಡೀ ಕೋಲಿನ ಪೆಟ್ಟು, ಎರಡೂ ಕಡೆ ಬಿಗಿದ ಚರ್ಮದ ಎಳೆತ, ಮೇಲೆ ಇಬ್ಬನಿ. ಅದನ್ನು ತಡೆಯುವ ಮರ 12 ಬೋರಿನ ಒದೆತ ತಡೆಯಲ್ಲ ಅಂದರೆ ತಪ್ಪು ಮರದ್ದಲ್ಲ, ನನ್ನದು. ಅವರಿಗೆ ನನ್ನ ಸೀಳಿದ ಬಟ್ಟಿನ ಫೋಟೋ ತೋರಿಸಿದೆ. ನೋಡಿದ ಕೂಡಲೇ, "ಇದರಲ್ಲಿ ಬಿಳಿ ಬಿಟ್ಟಿದ್ದೀರಿ" ಅಂದರು. ಸರಿಯೇ. ಒಂದು ಅಂಚಿನಲ್ಲಿ ಕಾಲು ಇಂಚು ಬಿಳಿ ಉಳಿದಿತ್ತು. ಹಲಸಿನಲ್ಲಿ ಒಳಗಿನ ಹಳದಿ ಚೇಗು ಮಾತ್ರ ಲೆಕ್ಕ. ಹೊರಗಿನ ಬಿಳಿ ಹುಳಕ್ಕೆ ಊಟ, ಕುಗ್ಗುವುದೂ ಬೇರೆ ಥರ.

ಅವರು ಹೇಳಿದ ಪ್ರಕಾರ ಹೊಸ ಮರ ಸೀಳಿಸಿ, ಎರಡು ಕೊನೆಗೂ ಮೇಣ ಬಳಿದು, ಮೂರು ತಿಂಗಳು ಕೆರೆಯಲ್ಲಿ ಮುಳುಗಿಸಿಟ್ಟೆ. ರಸ ನೀರಿಗೆ ಬಿಟ್ಟರೆ ಹುಳ ಹತ್ತುವುದು ಕಡಿಮೆ. ಆಮೇಲೆ ನೆರಳಲ್ಲಿ ಒಂದು ವರ್ಷ. ಕೊನೆಗೆ ಬಚ್ಚಲು ಒಲೆಯ ಮೇಲಿನ ಅಟ್ಟದಲ್ಲಿ ಇನ್ನೊಂದು ವರ್ಷ, ದಿನಾ ಬೆಳಿಗ್ಗೆ ಹೊಗೆ ತಾಗುವ ಹಾಗೆ. ಅಟ್ಟದಲ್ಲಿ ಮಗ್ಗುಲು ಬದಲಿಸುವುದಕ್ಕೆ ಒಂದು ಕ್ರಮ ಇದೆ. ಅದು ಅವರ ಮನೆತನದ ವಿದ್ಯೆ, ನಾನು ಇಲ್ಲಿ ಬರೆಯುವುದು ಸರಿಯಲ್ಲ. ಪ್ರತಿ ತಿಂಗಳು ತಕ್ಕಡಿಯಲ್ಲಿ ತೂಗಿ ಗೋಡೆಯಲ್ಲಿ ಬರೆದಿಡುತ್ತಿದ್ದೆ. ಹಲಗೆ ಕೆರೆಯಿಂದ ಬಂದಾಗ ಆರು ಕಿಲೋ ಚಿಲ್ಲರೆ ಇತ್ತು, ಕೊನೆಗೆ ಮೂರೂಮುಕ್ಕಾಲಕ್ಕೆ ನಿಂತಿತು. ಮೂರು ತಿಂಗಳು ಅದೇ ತೂಕ ಬಂದ ಮೇಲೆ ಉಳಿ ಹಿಡಿದೆ.

ಕೂರಿಸುವ ಕೆಲಸ ಈ ಕಸುಬಿನವರಿಗೆ ಗೊತ್ತಿದ್ದದ್ದೇ, ಕಬ್ಬಿಣಕ್ಕೆ ಬಣ್ಣ ಸವರಿ ಮರಕ್ಕೆ ಒತ್ತಿ, ಬಣ್ಣ ತಾಗಿದ ಕಡೆ ಕೆತ್ತುತ್ತಾ ಹೋಗುವುದು. ನಾನು ಅದಕ್ಕೆ ಬಳಸುವ ಪ್ರಷ್ಯನ್ ಬ್ಲೂ ಬಣ್ಣ ಬಿಟ್ಟು ಎಷ್ಟೋ ವರ್ಷ ಆಯಿತು. ತೆಂಗಿನೆಣ್ಣೆ ದೀಪದ ಮಸಿಯೇ ಸಾಕು, ಕಬ್ಬಿಣಕ್ಕೆ ತೆಳ್ಳಗೆ ಸವರಿ ಒತ್ತಿದರೆ ಎಲ್ಲಿ ತಾಗುತ್ತದೆ ಅಂತ ಸೂಜಿ ಮೊನೆಯಷ್ಟೂ ಬಿಡದೆ ತೋರಿಸುತ್ತದೆ. ಹಲಸು ಹಳದಿ ಇರುವುದರಿಂದ ಕಪ್ಪು ಎದ್ದು ಕಾಣುತ್ತದೆ. ಆ ಮುಖ ಒಂದಕ್ಕೇ ನಾಲ್ಕು ದಿನ ಹಿಡಿಯಿತು. ನಲವತ್ತೈದು ಐವತ್ತು ಸಲ ಹಾಕಿ ತೆಗೆದಿರಬಹುದು. ಹಲಸಿನ ಎಳೆ ಒಂದು ಪಟ್ಟಿ ಈ ಕಡೆ, ಮುಂದಿನ ಪಟ್ಟಿ ಆ ಕಡೆ ಓಡುತ್ತದೆ. ಗೀಸುಳಿ ಹಾಕಿದರೆ ಕಿತ್ತು ಬರುತ್ತದೆ. ಅದಕ್ಕೆ ನಾನು ಅರ ಮತ್ತು ಒಡೆದ ಗಾಜಿನ ಚೂರು ಬಳಸಿದೆ. ಆ ಅಡ್ಡಾದಿಡ್ಡಿ ಎಳೆಯೇ ಆಮೇಲೆ ಸೀಳು ಓಡದ ಹಾಗೆ ಹಿಡಿಯುತ್ತದೆ ಅಂತ ನನ್ನ ನಂಬಿಕೆ. ಮರ ಮತ್ತು ಕಬ್ಬಿಣದ ನಡುವೆ ಒಂದು ತೆಳು ಪದರ ಹಾಕುತ್ತೇನೆ. ಎಪಾಕ್ಸಿ ಅಂಟು ಅಲ್ಲ. ಏನು ಅಂತ ಸದ್ಯ ನನ್ನಲ್ಲೇ ಇರಲಿ.

ಎಣ್ಣೆಯ ವಿಷಯದಲ್ಲಿ ಕಲಿತದ್ದು ಜಾಸ್ತಿ. ಪುಸ್ತಕದಲ್ಲೆಲ್ಲ ಅಗಸೆ ಎಣ್ಣೆ ಅಂತ ಇರುತ್ತದೆ. ಹಸಿ ಅಗಸೆ ಎಣ್ಣೆ ನಮ್ಮ ಜುಲೈಯಲ್ಲಿ ಒಣಗುವುದೇ ಇಲ್ಲ. ಹದಿನೈದು ದಿನದಲ್ಲಿ ಹಸಿರು ಬೂಸ್ಟು ಬಂತು. ಆಮೇಲೆ ಗೇರೆಣ್ಣೆ ನೋಡೋಣ ಅನಿಸಿತು. ಗೇರುಬೀಜದ ಸಿಪ್ಪೆಯ ಎಣ್ಣೆ ನಮ್ಮವರು ದೋಣಿಗೆ ಬಳಿಯುತ್ತಾರೆ, ಉಪ್ಪುನೀರಲ್ಲೇ ಮರ ಉಳಿಯುತ್ತದೆ. ಆದರೆ ಅದು ಚರ್ಮ ಸುಡುವ ಎಣ್ಣೆ. ಕೈಗವಸು ಹಾಕಿದ್ದೆ, ಮೊಣಕೈ ಮರೆತಿದ್ದೆ. ಎಂಟು ದಿನ ಗುಳ್ಳೆ. ಬಟ್ಟಿಗೆ ಕೆನ್ನೆ ಇಟ್ಟು ಗುರಿ ಹಿಡಿಯಬೇಕಲ್ಲ, ಅಲ್ಲಿಗೆ ಆ ಎಣ್ಣೆ ಹಾಕಬಾರದು ಅಂತ ಅಲ್ಲಿಗೇ ನಿಲ್ಲಿಸಿದೆ. ಯಾರೂ ಪ್ರಯತ್ನಿಸಬೇಡಿ. ಕೊನೆಗೆ ಒಪ್ಪಿದ್ದು ಕಾಯಿಸಿದ ಅಗಸೆ ಎಣ್ಣೆ, ಜೇನುಮೇಣ, ಜೊತೆಗೆ ಸ್ವಲ್ಪ ಹೊನ್ನೆ ಎಣ್ಣೆ. ಹಾಕುವುದು ಜನವರಿಯಿಂದ ಏಪ್ರಿಲ್ ಒಳಗೆ ಮಾತ್ರ, ಅಂಗೈಯಲ್ಲಿ ತಿಕ್ಕಿ, ವಾರಕ್ಕೊಂದು ಕೈ. ಹತ್ತು ಹನ್ನೆರಡು ಕೈ ಆಗುತ್ತದೆ. ಪ್ರಮಾಣ ಕೇಳಿದರೆ ಎದುರು ಕೂತು ಹೇಳುತ್ತೇನೆ.

ಬಣ್ಣದ ಕತೆ ಬೇರೆ. ಹೊಸ ಹಲಸು ಅರಿಶಿನದ ಹಾಗೆ ಇರುತ್ತದೆ, ಮಾಲೀಕರಿಗೆ ಹಳೆ ಕೋವಿಯ ಕಂದು ಬೇಕು. ಕಬ್ಬಿಣದ ಮೊಳೆ ವಿನೆಗರ್‌ನಲ್ಲಿ ನೆನೆಸಿ ಆ ನೀರು ಬಳಿದರೆ ಬೇರೆ ಮರ ಕಪ್ಪಾಗುತ್ತದೆ ಅಲ್ವಾ, ಅದನ್ನೇ ಒಂದು ತುಂಡಿಗೆ ಮಾಡಿದೆ. ಪಾಚಿ ಬಣ್ಣ ಬಂತು! ಹಲಸಿನ ಹಳದಿಗೆ ಕಬ್ಬಿಣ ಸೇರಿದರೆ ಹಾಗೆಯೇ ಅಂತ ಆಮೇಲೆ ಬಟ್ಟೆಗೆ ಬಣ್ಣ ಹಾಕುವವರೊಬ್ಬರು ಹೇಳಿದರು. ಬೌದ್ಧ ಭಿಕ್ಷುಗಳ ಬಟ್ಟೆಗೆ ಹಿಂದಿನಿಂದ ಹಾಕುತ್ತಿದ್ದದ್ದು ಇದೇ ಹಲಸಿನ ಚೇಗಿನ ಬಣ್ಣ ಅಂತಲೂ ಅವರಿಂದಲೇ ತಿಳಿದದ್ದು. ಕೊನೆಗೆ ಏನೂ ಬಳಿಯಲಿಲ್ಲ. ಏಪ್ರಿಲ್ ಬಿಸಿಲಿಗೆ ದಿನಾ ಎರಡು ಗಂಟೆ ಇಟ್ಟೆ, ತಾನಾಗಿ ಕೆಂಪುಗಂದು ಬಂತು. ಈಗ ನೋಡಿದವರು ಅಕ್ರೋಟು ಅಂತಲೇ ತಿಳಿಯುತ್ತಾರೆ.

ಮಾಲೀಕರು ಮೂರು ವರ್ಷದಲ್ಲಿ ಹಂದಿ, ಮಂಗ ಬೆದರಿಸಲು ಅರುವತ್ತು ಎಪ್ಪತ್ತು ಸಲ ಹೊಡೆದಿರಬಹುದು. ಆ ಬೋಲ್ಟನ್ನು ನಾನು ಒಮ್ಮೆಯೂ ಮತ್ತೆ ಬಿಗಿ ಮಾಡಿಲ್ಲ. ಅಕ್ರೋಟು ಬಟ್ಟಿಗೆ ಪ್ರತಿ ಮೇ ತಿಂಗಳು ಸ್ಕ್ರೂಡ್ರೈವರ್ ಹಾಕುವವರು ಇದನ್ನು ಸ್ವಲ್ಪ ಯೋಚಿಸಲಿ.

ಇದರ ಮೇಲೆ ಧೈರ್ಯ ಬಂದು ಕಾರ್ಕಳದ ಒಂದು ಮನೆಯ ಸ್ನೈಡರ್‌ಗೆ ಕೈ ಹಾಕಿದೆ. ಅದಕ್ಕೆ ಈಗ ತೋಟೆಯೂ ಸಿಗುವುದಿಲ್ಲ, ಆಯುಧ ಪೂಜೆಗೆ ಹೊರಗೆ ಬರುವ ಕೋವಿ. ಆದರೆ ಮರದ ಕೆಲಸ ಮಾರ್ಟಿನಿಗಿಂತ ಹತ್ತು ಪಟ್ಟು. ಬಟ್ಟಿನಿಂದ ನಳಿಗೆಯ ತುದಿ ಹತ್ತಿರದವರೆಗೆ ಒಂದೇ ಮರ, ಮರವನ್ನೂ ನಳಿಗೆಯನ್ನೂ ಸೇರಿಸಿ ಬಿಗಿಯುವ ಮೂರು ಕಬ್ಬಿಣದ ಪಟ್ಟಿ, ಬಲಕ್ಕೆ ಲಾಕ್ (ಕೋವಿ ಸಿಡಿಸುವ ಯಂತ್ರ) ಕೂರುವ ಕುಳಿ. ಅಟ್ಟದಲ್ಲಿ ಒಣಗಿಸಿದ ಹಲಗೆಯಲ್ಲಿ ಶುರು ಮಾಡಿದೆ. ನಳಿಗೆಯ ಕಾಲುವೆ ಕೊರೆದ ಮರುವಾರ ತುದಿ ಎಡಕ್ಕೆ ಅರ್ಧ ಇಂಚು ತಿರುಗಿತು. ಮರ ಒಣಗಿದ್ದರೂ ಒಳಗೆ ಬಿಗಿತ ಉಳಿದಿತ್ತು, ಕೊರೆದ ಕೂಡಲೇ ಬಿಚ್ಚಿಕೊಂಡಿತು. ಎರಡು ತಿಂಗಳ ಕೆಲಸ ಒಲೆಗೆ.

ಆಗಲೇ ಪೇಟೆಯಲ್ಲಿ ಒಂದು ಹಳೆ ಹೆಂಚಿನ ಮನೆ ಕೆಡವುತ್ತಿದ್ದರು. ಹಲಸಿನ ತೊಲೆ, ನೂರು ವರ್ಷದ ಹತ್ತಿರ ಬಾಳಿದ್ದು. ಗುಜರಿಯವರು ಇಡೀ ತೊಲೆಗೆ ಎಂಟು ಸಾವಿರ ಹೇಳಿದರು, ಐದೂವರೆಗೆ ಕೊಟ್ಟರು. ಒಳಗೆ ಮುರಿದ ಮೊಳೆಗಳಿದ್ದವು, ಎರಡು ಗರಗಸದ ಬ್ಲೇಡ್ ಹಾಳಾಯಿತು. ಈಗ ಮೊದಲು ಅಯಸ್ಕಾಂತ ಓಡಿಸಿ ಆಮೇಲೆ ಗರಗಸ. ಆದರೆ ಆ ಮರ! ಕಾಲುವೆ ಕೊರೆದು ತಿಂಗಳು ಬಿಟ್ಟು ನೂಲು ಹಿಡಿದರೆ ನೇರ. ಬಾಲದ (ನಳಿಗೆಯ ಹಿಂದೆ ಚಾಚಿರುವ ಕಬ್ಬಿಣದ ನಾಲಿಗೆ) ಹಿಂದೆ ಕಾಗದದಷ್ಟು ಸಂದು ಬಿಟ್ಟು ಕೂರಿಸಿದೆ. ಅಲ್ಲಿ ಮರ ಕಬ್ಬಿಣಕ್ಕೆ ತಾಗಿದರೆ ಕುತ್ತಿಗೆ ಸೀಳುವುದು ಗ್ಯಾರಂಟಿ, ಯಾವ ಮರವಾದರೂ. ಲಾಕ್ ಕುಳಿಯ ತೆಳು ಗೋಡೆ ಕೊರೆಯುವಾಗ ಉಸಿರು ಹಿಡಿದೇ ಕೆಲಸ ಮಾಡಿದ್ದು.

ಆ ತೊಲೆಯಿಂದ ಇನ್ನೂ ಮೂರು ಬಟ್ಟಿಗೆ ಮರ ಉಳಿದಿದೆ. ಒಟ್ಟು ಲೆಕ್ಕ ಹಾಕಿದರೆ ಕಲಿಯಲು ಮೂವತ್ತೈದು ಸಾವಿರದ ಆಸುಪಾಸು ಹೋಗಿದೆ. ಸ್ನೈಡರ್‌ಗೆ ಹದಿನಾಲ್ಕು ಸಾವಿರ ತೆಗೆದುಕೊಂಡೆ, ಮಾರ್ಟಿನಿಗೆ ಆರು. ಸೀಳ್ತದೆ ಅಂದವರು ಹೋದ ತಿಂಗಳು ಫೋನ್ ಮಾಡಿ ತೊಲೆಯ ಒಂದು ತುಂಡು ಸಿಗಬಹುದಾ ಅಂತ ಕೇಳಿದರು. ಕೊಡುತ್ತೇನೆ ಅಂದಿದ್ದೇನೆ.

ಹೆಬ್ಬಲಸಿನ ಎರಡು ಹಲಗೆ ಈಗ ಕೆರೆಯಲ್ಲಿವೆ. ದೋಣಿಗೆ ಒಗ್ಗುವ ಮರ, ಹಲಸಿಗಿಂತ ಎಳೆ ನೇರ. ದೀಪಾವಳಿಗೆ ಮೇಲೆತ್ತಬೇಕು.