ಗಿಡ ತರುವ ಮುನ್ನ ಒಂದು ಮಳೆಗಾಲ ನೋಡಿ

ಗೃಹಪ್ರವೇಶ ಮುಗಿದ ವಾರವೇ ನರ್ಸರಿಗೆ ಹೋಗಿ ಗಾಡಿ ತುಂಬ ಗಿಡ ತರುವುದು ನಮ್ಮ ಕಡೆಯ ರೂಢಿ. ಮೂರು ನಾಲ್ಕು ವರ್ಷಕ್ಕೆ ಆ ತೋಟ ಏನಾಗುತ್ತದೆ ಎಂಬುದನ್ನು ಹಾಸನ, ಚಿಕ್ಕಮಗಳೂರಿನ ಯಾವ ಬಡಾವಣೆಯಲ್ಲಿ ಬೇಕಾದರೂ ನೋಡಬಹುದು. ಗೇಟಿನ ಪಕ್ಕದ ಸಿಲ್ವರ್ ಓಕ್ ಕರೆಂಟ್ ತಂತಿ ಮುಟ್ಟಿದೆ. ಲಾನ್ ಇದ್ದಲ್ಲಿ ಪಾಚಿ. ಬೆಣ್ಣೆಹಣ್ಣಿನ ಗಿಡ ತುದಿಯಿಂದ ಒಣಗುತ್ತಿದೆ. ಕರಿಬೇವೊಂದು ಸೊಂಪಾಗಿದೆ, ಆದರೆ ಅಡುಗೆಮನೆಯಿಂದ ದೂರದ ಮೂಲೆಯಲ್ಲಿ. ಒಗ್ಗರಣೆ ಹೊತ್ತುವ ಹೊತ್ತಿಗೆ ಯಾರೂ ಅಲ್ಲಿಗೆ ಓಡುವುದಿಲ್ಲ. ಇದು ಗಿಡಗಳ ತಪ್ಪಲ್ಲ. ನೀರು ಎಲ್ಲಿ ಹರಿಯುತ್ತದೆ, ಮನೆಯವರು ಎಲ್ಲಿ ಓಡಾಡುತ್ತಾರೆ ಎಂಬುದನ್ನು ತೀರ್ಮಾನಿಸದೆ ಗುಂಡಿ ತೋಡಿದ್ದು ತಪ್ಪು.

ಬುಡ ಏರಬೇಕೋ, ಇಳಿಯಬೇಕೋ

ಅರಸೀಕೆರೆ, ಕಡೂರಿನಲ್ಲಿ ವರ್ಷಕ್ಕೆ ಸುಮಾರು 600ರಿಂದ 700 ಮಿ.ಮೀ. ಮಳೆ. ಅವೇ ಜಿಲ್ಲೆಗಳ ಸಕಲೇಶಪುರ, ಮೂಡಿಗೆರೆಯಲ್ಲಿ ಅದು 2,000 ದಾಟುತ್ತದೆ, ಶೃಂಗೇರಿ ಕಡೆ ಇನ್ನೂ ಹೆಚ್ಚು. ಹಾಸನ, ಚಿಕ್ಕಮಗಳೂರು ಪಟ್ಟಣಗಳು ನಡುವಿನ ಅರೆಮಲೆನಾಡು. ಒಂದೇ ನಿಂಬೆ ಗಿಡವನ್ನು ಈ ಮೂರು ಕಡೆ ಮೂರು ರೀತಿ ನೆಡಬೇಕು. ಮಲೆನಾಡಿನಲ್ಲಿ ಗಿಡದ ಬುಡ ನೆಲಕ್ಕಿಂತ 6ರಿಂದ 9 ಇಂಚು ಎತ್ತರದ ದಿಬ್ಬದ ಮೇಲಿರಬೇಕು. ಬಯಲುಸೀಮೆಯಲ್ಲಿ 3ರಿಂದ 4 ಇಂಚು ತಗ್ಗಿದ ಪಾತಿಯೊಳಗಿರಬೇಕು. ನಡುವಿನ ಪಟ್ಟಣಗಳಲ್ಲಿ ನೆಲಮಟ್ಟಕ್ಕೇ ನೆಟ್ಟು, ಬೇಸಗೆಗೆ ಪಾತಿ ಕಟ್ಟಿ, ಮೃಗಶಿರೆ ಮಳೆ ಹಿಡಿಯುವ ಮೊದಲು ಪಾತಿಯ ಇಳಿಜಾರು ಬದಿ ಒಡೆದುಬಿಡಿ. ಆ ಒಡೆಯುವ ಕೆಲಸ ಮರೆತೇ ಎಷ್ಟೋ ನಿಂಬೆ, ಬೆಣ್ಣೆಹಣ್ಣಿನ ಗಿಡಗಳು ಹೋಗುತ್ತವೆ. ಬೆಣ್ಣೆಹಣ್ಣಿಗಂತೂ ಬುಡದಲ್ಲಿ ನಾಲ್ಕು ದಿನ ನೀರು ನಿಂತರೆ ಸಾಕು, ಬೇರು ಕೊಳೆಯುವ ಶಿಲೀಂಧ್ರ ಹತ್ತಿಕೊಳ್ಳುತ್ತದೆ. ರೋಗ ಆಷಾಢದಲ್ಲಿ ಹಿಡಿದರೂ ಗಿಡ ಒಣಗುವುದು ಬೇಸಗೆಯಲ್ಲಿ. ಜನ ನೀರು ಸಾಲದಾಯಿತೆಂದು ಇನ್ನಷ್ಟು ಸುರಿಯುತ್ತಾರೆ.

ನೀರಿನ ದಾರಿ

ಸಾಧ್ಯವಿದ್ದರೆ ಒಂದು ಮಳೆಗಾಲ ಏನನ್ನೂ ನೆಡದೆ ಕಾಯಿರಿ. ಜೋರು ಮಳೆಯಲ್ಲಿ ಕೊಡೆ ಹಿಡಿದು ಹೊರಗೆ ಬಂದು ನೀರು ಯಾವ ಕಡೆಯಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ಮಳೆ ನಿಂತ ಆರು ಗಂಟೆಯ ಮೇಲೂ ನೀರು ಇಂಗದ ಜಾಗಕ್ಕೆ ಗೂಟ ಹೊಡೆದು ಗುರುತಿಡಿ. ಕಾಯಲಾಗದಿದ್ದರೆ ಗುಂಡಿ ಪರೀಕ್ಷೆ ಮಾಡಿ. ಒಂದಡಿ ಚೌಕ, ಒಂದೂವರೆ ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಪೂರ್ತಿ ಇಂಗಲು ಬಿಡಿ. ಈ ಮೊದಲ ಸಲದ ಲೆಕ್ಕ ಹಿಡಿಯಬೇಡಿ, ಒಣಮಣ್ಣು ಮೊದಲ ನೀರನ್ನು ಹೇಗೂ ಕುಡಿಯುತ್ತದೆ. ಮತ್ತೆ ತುಂಬಿಸಿ, ಸ್ಕೇಲು ಇಳಿಬಿಟ್ಟು ಗಂಟೆಗೆ ಎಷ್ಟು ಇಳಿಯಿತು ಅಳೆಯಿರಿ. ಗಂಟೆಗೆ ಒಂದರಿಂದ ಎರಡು ಇಂಚು ಇಳಿದರೆ ಬಹುತೇಕ ಎಲ್ಲ ಗಿಡಕ್ಕೂ ನಡೆಯುತ್ತದೆ. ಅರ್ಧ ಇಂಚೂ ಇಳಿಯದಿದ್ದರೆ ಅಲ್ಲಿ ಹಣ್ಣಿನ ಗಿಡ ಬೇಡ. ಕೆಸು, ಬಾಳೆ, ಅರಿಶಿನವನ್ನು ಏರಿಸಿದ ಮಡಿಯಲ್ಲಿಡಿ. ನಾಲ್ಕು ಇಂಚಿಗೂ ಹೆಚ್ಚು ಇಳಿದರೆ ನೀರು ಹಾಕಿದ್ದು ದಕ್ಕುವುದಿಲ್ಲ, ಗೊಬ್ಬರ ಹೆಚ್ಚು ಬೇಕು.

ಹೊಸ ಮನೆಯಾದರೆ ಇನ್ನೊಂದನ್ನು ಹುಡುಕಬೇಕು: ಸಿಮೆಂಟ್ ಕಲಸಿದ ಜಾಗ. ಮಣ್ಣಿನಡಿ ಬೂದುಬಣ್ಣದ ಗಟ್ಟಿ ಪದರವಿದ್ದರೆ ಹಾರೆಯಿಂದ ಒಡೆದು ಪೂರ್ತಿ ಹೊರಹಾಕಿ, ಒಳ್ಳೆಯ ಮೇಲ್ಮಣ್ಣು ತುಂಬಿ. ಹಾಗೇ ಬಿಟ್ಟರೆ ಸುಣ್ಣದಂಶದಿಂದ ಮಣ್ಣು ಕ್ಷಾರವಾಗಿ ಗಿಡಕ್ಕೆ ಕಬ್ಬಿಣದಂಶ ಸಿಗುವುದಿಲ್ಲ. ದಾಸವಾಳ, ಮಲ್ಲಿಗೆಯ ಎಳೆ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಇದೇ ಕಾರಣವಿರಬಹುದು. ಮಲೆನಾಡಿನ ಮೂಲ ಮಣ್ಣು ಇದಕ್ಕೆ ಉಲ್ಟಾ, ಹುಳಿ. ಅದಕ್ಕೆ ಕೃಷಿಸುಣ್ಣ ಬೇಕಾಗಬಹುದು. ಎಷ್ಟು ಎಂಬುದನ್ನು ಪಕ್ಕದ ಮನೆಯವರನ್ನು ಕೇಳಬೇಡಿ. ಎಂಟ್ಹತ್ತು ಕಡೆ ಇಂಗ್ಲಿಷ್ ‘ವಿ’ ಆಕಾರದಲ್ಲಿ ಆರಿಂಚು ಅಗೆದು, ಬದಿಯ ಮಣ್ಣು ಕೆರೆದು ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋ ತೆಗೆದುಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ಹಾಸನದವರಿಗೆ ಕಂದಲಿ, ಚಿಕ್ಕಮಗಳೂರಿನವರಿಗೆ ಮೂಡಿಗೆರೆ.

ಛಾವಣಿಯ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ತೋಟದ ನಕಾಶೆ ಬರೆಯಬೇಡಿ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. ಸಾವಿರ ಚದರಡಿ ಛಾವಣಿಗೆ ಒಂದೇ ದಿನ 50 ಮಿ.ಮೀ. ಬಿದ್ದರೆ 4,600 ಲೀಟರ್ ಕೆಳಗಿಳಿಯುತ್ತದೆ. ಕೊಳವೆ ಬಾಯಿ ಹೂವಿನ ಮಡಿಗೆ ತೆರೆದಿದ್ದರೆ ಮಡಿ ಉಳಿಯುವುದಿಲ್ಲ. ಒಂದಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೋಡಿ, 40 ಎಂ.ಎಂ. ಜಲ್ಲಿ ತುಂಬಿ, ಮೇಲೆ ಮಣ್ಣು ಸೇರದಂತೆ ಬಲೆ ಹಾಸಿ. ಪ್ರತಿ ಎಂಟಡಿಗೆ ಒಂದಿಂಚು ಇಳಿಜಾರು ಸಾಕು. ಇದನ್ನು ಕಣ್ಣಂದಾಜಿನಲ್ಲಿ ಮಾಡಿದರೆ ಕೆಡುತ್ತದೆ. ಗಾರೆಯವರ ಲೆವೆಲ್ ಪೈಪಿಗೆ ಗುಳ್ಳೆ ಇಲ್ಲದಂತೆ ನೀರು ತುಂಬಿ ಎರಡೂ ತುದಿ ಅಳೆದೇ ತೋಡಿ. ಮನೆಯ ಹಿಂದೆ ಇಳಿಜಾರಿದ್ದರೆ ಕಾಫಿ ತೋಟದಲ್ಲಿ ನೀರಿಂಗಿಸಲು ತೋಡುವ ತೊಟ್ಟಿಲು ಗುಂಡಿಯನ್ನು ಇಲ್ಲೂ ಮಾಡಬಹುದು: ಇಳಿಜಾರಿಗೆ ಅಡ್ಡವಾಗಿ ನಾಲ್ಕಡಿ ಉದ್ದ, ಒಂದಡಿ ಅಗಲ, ಒಂದಡಿ ಆಳ. ಆದರೆ ಮನೆಯ ಹಿಂದೆ ಧರೆ, ಅಂದರೆ ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆ, ಇದ್ದರೆ ಅದರ ನೆತ್ತಿಯಲ್ಲಿ ಯಾವ ಗುಂಡಿಯೂ ಕೂಡದು. ಅಲ್ಲಿ ನೀರು ಇಂಗಿದಷ್ಟೂ ಧರೆ ಭಾರವಾಗಿ ಜಾರುತ್ತದೆ. ನೆತ್ತಿಯ ನೀರನ್ನು ಕಲ್ಲು ಹಾಸಿದ ಕಾಲುವೆಯಲ್ಲಿ ಪಕ್ಕಕ್ಕೆ ತಿರುಗಿಸಿ, ಅಂಚಿಗೆ ಆರಾರು ಇಂಚಿಗೆ ಲಾವಂಚದ ಬುಡ ಇಡಿ.

ಯಾರ ತೋಟ?

ಒಂದು ಹಾಳೆಯಲ್ಲಿ ಮನೆಯವರ ಹೆಸರು ಬರೆದು, ಬೆಳಗಿನಿಂದ ಸಂಜೆತನಕ ಯಾರು ಯಾಕೆ ಹೊರಗೆ ಬರುತ್ತಾರೆ ಬರೆಯಿರಿ. ಪೂಜೆಗೆ ಹೂ ಕೀಳಲು, ಬಟ್ಟೆ ಹರವಲು, ಸೊಪ್ಪು ತರಲು, ಚೆಂಡಾಡಲು, ಕಾಫಿ ಕುಡಿಯಲು, ಬೈಕು ತೊಳೆಯಲು. ಪಟ್ಟಿಯಲ್ಲಿ ‘ನೋಡಲು ಚಂದ’ ಎಂಬುದು ಕೊನೆಗಿರಲಿ. ಪಾರಿಜಾತ, ನಂದಬಟ್ಟಲು, ದಾಸವಾಳ ಮುಂಬಾಗಿಲ ದಾರಿಯಿಂದ ಕೈಗೆಟುಕಬೇಕು. ದಾಸವಾಳವನ್ನು ಐದಡಿ ಮೀರದಂತೆ ಸವರುತ್ತಿದ್ದರೆ ಅಜ್ಜಿಗೆ ಕೊಕ್ಕೆ ಬೇಡ. ಕರಿಬೇವು, ಪುದೀನ, ದೊಡ್ಡಪತ್ರೆ ಅಡುಗೆಮನೆ ಬಾಗಿಲಿಂದ ಹದಿನೈದು ಹೆಜ್ಜೆಯೊಳಗೆ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಗಾಡಿಯ ಪೈಪು ಒಳಗೆ ಬರಲು ದಾರಿ ಬಿಡಿ, ಬೋರ್‌ವೆಲ್ ಇದ್ದರೆ ಮೋಟಾರು ಎತ್ತುವ ಗಾಡಿಗೂ ಹತ್ತಡಿ. ಇದನ್ನು ಬಿಟ್ಟವರು ಒಂದು ದಿನ ಬೆಳೆದ ಸಂಪಿಗೆ ಕಡಿಯುತ್ತಾರೆ.

ಮುಖ್ಯ ದಾರಿ ನಾಲ್ಕಡಿ ಇರಲಿ, ಇಬ್ಬರು ಪಕ್ಕಪಕ್ಕ ನಡೆಯಬಹುದು. ಮಡಿಗಳ ನಡುವೆ ಎರಡಡಿ ಸಾಕು. ಗಾಲಿಕುರ್ಚಿ ಬರುವ ಮನೆಯಾದರೆ ಎಲ್ಲೂ ಮೂರಡಿಗಿಂತ ಕಡಿಮೆಯಾಗದಂತೆ, ಒಂದಡಿ ಏರಿಗೆ ಹನ್ನೆರಡು ಅಡಿ ಉದ್ದ ಕೊಡಿ. ಪಾಲಿಶ್ ಗ್ರಾನೈಟ್, ನುಣುಪು ಕಡಪ ಹಾಸಿದರೆ ಜುಲೈ ತಿಂಗಳಲ್ಲಿ ಮನೆಯ ಹಿರಿಯರು ಜಾರುವುದು ಖಚಿತ. ಉಳಿಯೇಟು ಕಾಣುವ ಒರಟು ಚಪ್ಪಡಿ ಹಾಕಿ, ಅಡಿಗೆ ಕಾಲು ಇಂಚಿನಂತೆ ಒಂದು ಬದಿಗೆ ವಾಲಿಸಿ. ಪಾಚಿ ಕಟ್ಟುವುದು ಕಲ್ಲಿಗಿಂತ ಹೆಚ್ಚಾಗಿ ನೆರಳಿನಿಂದ, ಹಾಗಾಗಿ ದಾರಿಯಂಚಿನ ಗಿಡಗಳನ್ನು ಒಂದೂವರೆ ಅಡಿ ಹಿಂದಕ್ಕಿಡಿ. ಬಗ್ಗಲಾಗದವರಿಗೆ ಎರಡೂಕಾಲು ಅಡಿ ಎತ್ತರದ ಕಟ್ಟೆಮಡಿ ಕಟ್ಟಿ. ಎರಡೂ ಬದಿಯಿಂದ ಕೈ ಹಾಕುವುದಾದರೆ ನಾಲ್ಕಡಿ ಅಗಲ, ಗೋಡೆಗೆ ತಾಗಿದ್ದರೆ ಎರಡೇ ಅಡಿ. ನೀರು ಹೊರಹೋಗಲು ತಳದಲ್ಲಿ ಮೂರಡಿಗೊಂದು ತೂತು. ಕುಳಿತುಕೊಳ್ಳುವ ಕಲ್ಲುಬೆಂಚಿನ ಎತ್ತರ 18 ಇಂಚು, ಏಳಲು ಆನಿಕೆಯಾಗಿ ಕೈಹಿಡಿಕೆ ಇರಲೇಬೇಕು. ಮಳೆಗಾಳಿ ಪಡುವಣ, ನೈಋತ್ಯದಿಂದ ಬೀಸುತ್ತದೆ. ಬೆಂಚು ಅತ್ತ ಬೇಡ, ಚಳಿಗಾಲದ ಎಳೆಬಿಸಿಲು ಬೀಳುವ ಆಗ್ನೇಯಕ್ಕಿರಲಿ.

ಸಣ್ಣ ಮಕ್ಕಳಿದ್ದರೆ ಕಣಗಿಲೆ, ಡಿಫೆನ್‌ಬಾಕಿಯಾ ತರಬೇಡಿ, ಎರಡೂ ವಿಷ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ಆನೆ ಓಡಾಡುವ ಊರುಗಳಲ್ಲಿ ಮನೆ ಗೋಡೆಗೆ ಹತ್ತಿರ ಹಲಸು, ಬೈನೆ, ಬಾಳೆ ಇಡುವುದು ಆನೆಯನ್ನು ಅಂಗಳಕ್ಕೆ ಕರೆದಂತೆ. ಲಾನಿನ ಬಗ್ಗೆ ಒಂದೇ ಮಾತು: ವಾರಕ್ಕೆ ಎರಡು ಗಂಟೆ ಕೈ ಬಿಡುವಿಲ್ಲದ ಮನೆಗೆ, ಮರದ ನೆರಳಿರುವ ಜಾಗಕ್ಕೆ, ಅದು ಬೇಡ.

ಕೈವಾರ ಹಿಡಿದು ಗಿಡ ನೆಡಿ

ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಎರಡಡಿಗೆ ಒಂದು ಸೆಂ.ಮೀ. ಲೆಕ್ಕದಲ್ಲಿ ಸೈಟು, ಮನೆ, ಪೈಪು, ಟ್ಯಾಂಕು ಬರೆಯಿರಿ. ಆಮೇಲೆ ಕೈವಾರದಿಂದ ಪ್ರತಿ ಮರದ ಬೆಳೆದ ಹರವನ್ನು ವೃತ್ತವಾಗಿ ಎಳೆಯಿರಿ: ನಿಂಬೆಗೆ 15 ಅಡಿ, ಸೀಬೆಗೆ 18, ಸಪೋಟ ಮತ್ತು ಕಸಿ ಮಾವಿಗೆ 25ರಿಂದ 30, ಕರಿಬೇವಿಗೆ 5. ನಲವತ್ತು ಅರವತ್ತರ ಸೈಟಿನಲ್ಲಿ ಮನೆ ಬಿಟ್ಟು ಉಳಿದ ಜಾಗಕ್ಕೆ ಒಂದು ನಿಂಬೆ, ಒಂದು ಸೀಬೆ ಬಿದ್ದ ಕೂಡಲೇ ಹಾಳೆ ತುಂಬಿಹೋಗುತ್ತದೆ. ಬೇಸರವಾಗುವುದು ಸಹಜ, ಆದರೆ ಕಾಗದದ ಮೇಲಿನ ಮರ ಕಡಿಯಲು ಕೊಡಲಿ ಬೇಡ.

ನೆರಳನ್ನೂ ಎಳೆಯಿರಿ. ನಮ್ಮ ಅಕ್ಷಾಂಶದಲ್ಲಿ 20 ಅಡಿ ಮರದ ನೆರಳು ಡಿಸೆಂಬರ್ ನಡುಹಗಲಿಗೆ ಉತ್ತರಕ್ಕೆ ಸುಮಾರು 15 ಅಡಿ ಚಾಚುತ್ತದೆ. ತರಕಾರಿ ಚೆನ್ನಾಗಿ ಬರುವುದು ಮಳೆ ಬಿಟ್ಟ ಮೇಲೆ, ಅದೇ ತಿಂಗಳುಗಳಲ್ಲಿ. ಆದ್ದರಿಂದ ಮರ ಉತ್ತರಕ್ಕೆ, ತರಕಾರಿ ಮಡಿ ದಕ್ಷಿಣಕ್ಕೆ. ಮೊದಲ ಮೂರು ವರ್ಷ ಮರಗಳ ನಡುವೆ ಬೋಳಾಗಿ ಕಾಣುತ್ತದೆ. ಅಲ್ಲಿ ಏಲಕ್ಕಿ ಬಾಳೆ, ಪಪ್ಪಾಯ, ತೊಗರಿ ಹಾಕಿ, ಅವನ್ನು ತೆಗೆಯುವ ವರ್ಷವನ್ನೂ ನಕಾಶೆಯಲ್ಲೇ ಬರೆದಿಡಿ. ಬರೆಯದಿದ್ದರೆ ತೆಗೆಯುವುದಿಲ್ಲ.

ಹೂವಿನ ಮಡಿಗೆ ನಮ್ಮ ಕಡೆ ಡೇರೆಯಷ್ಟು (ಡೇಲಿಯಾ) ಹೊಂದುವ ಗಿಡ ಕಡಿಮೆ. ನವೆಂಬರ್ ಹೊತ್ತಿಗೆ ಗಿಡ ಒಣಗಿದ ಮೇಲೆ ಗೆಡ್ಡೆ ಕಿತ್ತು ಒಣ ಮರಳಿನಲ್ಲಿಟ್ಟು, ಮೇ ಕೊನೆಯಲ್ಲಿ ಏರಿಮಡಿಯಲ್ಲಿ ಎರಡಡಿಗೊಂದರಂತೆ ನೆಡಿ. ಗೆಡ್ಡೆ ಬಿಡಿಸುವಾಗ ಪ್ರತಿ ತುಂಡಿಗೂ ಹಳೆ ಕಾಂಡದ ಕುತ್ತಿಗೆ ಅಂಟಿರಬೇಕು, ಕಣ್ಣು ಇರುವುದು ಅಲ್ಲೇ. ಬರೀ ಗೆಡ್ಡೆ ಎಷ್ಟೇ ದಪ್ಪಗಿದ್ದರೂ ಮೊಳೆಯುವುದಿಲ್ಲ.

ಕೆಲಸದ ತಿಂಗಳು

ಕಲ್ಲು, ಕಾಲುವೆ, ನಲ್ಲಿ ಕೆಲಸ ಫೆಬ್ರುವರಿಯಿಂದ ಏಪ್ರಿಲ್‌ಗೆ ಮುಗಿಯಲಿ. ಗುಂಡಿಗಳನ್ನು ಏಪ್ರಿಲ್‌ನಲ್ಲೇ ಎರಡಡಿ ಉದ್ದಗಲ ಆಳಕ್ಕೆ ತೋಡಿ, ಮೇಲ್ಮಣ್ಣನ್ನು ಒಂದು ಬದಿ, ಅಡಿಮಣ್ಣನ್ನು ಇನ್ನೊಂದು ಬದಿ ಹಾಕಿ ಬಿಸಿಲಿಗೆ ಬಿಡಿ. ಮೇ ಮಳೆ ಬಿದ್ದ ಮೇಲೆ ಮೇಲ್ಮಣ್ಣಿಗೆ 10ರಿಂದ 15 ಕಿಲೋ ಕೊಳೆತ ಕೊಟ್ಟಿಗೆ ಗೊಬ್ಬರ, ಅರ್ಧ ಕಿಲೋ ಬೇವಿನಹಿಂಡಿ ಬೆರೆಸಿ ತುಂಬಿ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳ ಖಂಡಿತ. ಬಯಲುಸೀಮೆಯಲ್ಲಿ ಜೂನ್‌ನಲ್ಲಿ ನೆಡಿ. ಜಡಿಮಳೆಯ ಊರುಗಳಲ್ಲಿ ಪ್ಯಾಕೆಟ್ ಗಿಡಗಳನ್ನು ಮಳೆ ತಗ್ಗಿದ ಸೆಪ್ಟೆಂಬರ್‌ಗೆ ಇಟ್ಟುಕೊಳ್ಳುವುದು ಮೇಲು. ಕಾಫಿ ತೋಟದವರೂ ಪ್ಯಾಕೆಟ್ ಗಿಡಕ್ಕೆ ಅದೇ ಹೊತ್ತು ನೋಡುತ್ತಾರೆ.

ನರ್ಸರಿಯಲ್ಲಿ ಎತ್ತರದ ಗಿಡಕ್ಕೆ ಮರುಳಾಗಬೇಡಿ. ಪ್ಯಾಕೆಟ್ಟಿನ ತಳ ನೋಡಿ. ಬೇರು ಸಿಂಬಿ ಸುತ್ತಿಕೊಂಡಿದ್ದರೆ ಬಿಟ್ಟುಬಿಡಿ, ಆ ಬೇರು ನೆಲದಲ್ಲೂ ಸುತ್ತಿಕೊಂಡೇ ಬೆಳೆದು ಐದಾರು ವರ್ಷದ ಮೇಲೆ ಗಾಳಿಗೆ ಮರ ಮಲಗುತ್ತದೆ. ನೆಡುವಾಗ ಕಸಿ ಗಂಟು ಮಣ್ಣಿಗಿಂತ ನಾಲ್ಕು ಇಂಚು ಮೇಲಿರಲಿ. ತರಗೆಲೆ ಮುಚ್ಚಿಗೆ ಮೂರು ಇಂಚು ದಪ್ಪ, ಆದರೆ ಕಾಂಡದಿಂದ ಒಂದು ಗೇಣು ದೂರ. ಕೋಲನ್ನು ಗಾಳಿ ಬರುವ ಪಡುವಣ ಬದಿಗೆ ನೆಟ್ಟು, ಬಾಳೆನಾರಿನಿಂದ ಎಂಟಿನಾಕಾರದಲ್ಲಿ ಸಡಿಲವಾಗಿ ಕಟ್ಟಿ. ದೀಪಾವಳಿಗೆ ಒಮ್ಮೆ ಬಿಚ್ಚಿ ಮತ್ತೆ ಕಟ್ಟಿ. ಎರಡನೇ ಮಳೆಗಾಲ ದಾಟಿದ ಮೇಲೆ ಕೋಲು ಕಿತ್ತು ಅವರೆ ಬಳ್ಳಿಗೆ ಊರಿ.