ಒಂದು ಗಿಟಾರ್, ಒಂದು ದನಿ: ಇಂಥ ಆಲ್ಬಂ ಹುಡುಕಿ ಕೇಳೋದು ಹೇಗೆ

ತಾನೇ ಬರೆದ ಹಾಡನ್ನು ಒಂದು ಗಿಟಾರ್ ಹಿಡಿದು, ಪಕ್ಕದಲ್ಲೇ ಕೂತು ಹೇಳಿದ ಹಾಗೆ ಹಾಡುವವರ ಆಲ್ಬಂ ಮೊದಲ ಸಲಕ್ಕೆ ಸಪ್ಪೆ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ಇಂಗ್ಲೆಂಡಿನ ಗಾಯಕ ನಿಕ್ ಡ್ರೇಕ್ ಅವರ ‘ಪಿಂಕ್ ಮೂನ್’ ಆಲ್ಬಂ ಅನ್ನು ಮೊದಲು ಪಾತ್ರೆ ತೊಳೆಯುತ್ತಾ ಕೇಳಿದೆ, ಒಂದು ಹಾಡೂ ಒಳಗೆ ಇಳಿಯಲಿಲ್ಲ. ಕೆಲವು ದಿನ ಬಿಟ್ಟು, ಮನೆಯವರೆಲ್ಲ ಮಲಗಿದ ಮೇಲೆ ದೀಪ ಆರಿಸಿ ಕೇಳಿದೆ. ಅವತ್ತಿನಿಂದ ಅದನ್ನು ಬಿಟ್ಟಿಲ್ಲ.

ಹಾಗಾಗಿ ಮೊದಲು ಸಮಯ ಎತ್ತಿಡಿ. ಪಿಂಕ್ ಮೂನ್ ಇರೋದೇ ಸುಮಾರು 28 ನಿಮಿಷ. ಶಫಲ್ ಆಫ್ ಮಾಡಿ, ಒಂದು ಹಾಡಿನ ಬಾಲಕ್ಕೆ ಇನ್ನೊಂದನ್ನು ಅಂಟಿಸುವ ಕ್ರಾಸ್‌ಫೇಡ್ ಕೂಡ ಆಫ್ ಮಾಡಿ, ಮೊದಲ ಹಾಡಿನಿಂದ ಕೊನೆಯವರೆಗೆ ಅದೇ ಸಾಲಿನಲ್ಲಿ ಕೇಳಿ. ಹೆಡ್‌ಫೋನ್ ಇದ್ದರೆ ಒಳ್ಳೇದು. ವಾಲ್ಯೂಮ್ ಜಾಸ್ತಿ ಬೇಡ, ಎದುರಿಗೆ ಕೂತವರು ಮಾತಾಡುವಷ್ಟು ಸಾಕು.

ಮೊದಲ ಸಲ ಸಾಹಿತ್ಯ ಓದಬೇಡಿ. ಕಣ್ಣು ಸಾಲಿನ ಮೇಲೆ ಓಡುತ್ತಿದ್ದರೆ ಕಿವಿ ಅರ್ಧ ಮುಚ್ಚಿಹೋಗುತ್ತದೆ. ತಂತಿಯ ಮೇಲೆ ಬೆರಳು ಜಾರುವ ಸದ್ದು, ಸಾಲು ಶುರುವಾಗುವ ಮುಂಚಿನ ಉಸಿರು, ಹೆಬ್ಬೆರಳು ಕೆಳಗಿನ ಸ್ವರವನ್ನು ಬಿಡದೆ ಮೀಟುತ್ತಿರುವಾಗ ಉಳಿದ ಬೆರಳುಗಳು ಬೇರೆಯೇ ರಾಗ ನೇಯುವುದು, ಇವನ್ನು ಹಿಡಿಯಿರಿ. ಡ್ರೇಕ್ ತಂತಿಗಳನ್ನು ಮಾಮೂಲಿ ಶ್ರುತಿ ಬಿಟ್ಟು ಬೇರೆ ಬೇರೆ ರೀತಿ ಶ್ರುತಿ ಮಾಡುತ್ತಿದ್ದರು. ಒತ್ತದೆ ಬಿಟ್ಟ ತಂತಿಗಳು ಹಿಂದೆ ಗುಂಯ್ ಅನ್ನುತ್ತಲೇ ಇರುತ್ತವೆ, ಅದಕ್ಕೇ ಒಂದೇ ಗಿಟಾರ್ ಅಷ್ಟು ತುಂಬಿದಂತೆ ಕೇಳಿಸುತ್ತದೆ. 1971ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಸ್ಟುಡಿಯೋದಲ್ಲಿ, ಅವರು ಮತ್ತು ಸೌಂಡ್ ಎಂಜಿನಿಯರ್ ಜಾನ್ ವುಡ್ ಇಬ್ಬರೇ ಕೂತು ಎರಡು ರಾತ್ರಿಯಲ್ಲಿ ಮುಗಿಸಿದ ಆಲ್ಬಂ ಅದು. ಗಿಟಾರ್ ಮತ್ತು ದನಿ ಬಿಟ್ಟರೆ, ಮೊದಲ ಹಾಡಿನಲ್ಲಿ ಒಂಚೂರು ಪಿಯಾನೋ ಬರುತ್ತದೆ, ಅಷ್ಟೇ. ಆ ಪಿಯಾನೋ ಬಂದಾಗ ಕಿಟಕಿ ತೆರೆದ ಹಾಗಾಗುತ್ತದೆ. ಕಾದು ಕೇಳಿ.

ಎರಡನೇ ಸಲ ಸಾಹಿತ್ಯ ಇಟ್ಟುಕೊಂಡು ಕೇಳಿ. ಅರ್ಥ ಆಗದ ಸಾಲು ಇರುತ್ತವೆ, ಇರಲಿ ಬಿಡಿ.

ಇನ್ನು ಇಂಥದ್ದೇ ಬೇರೆ ಆಲ್ಬಂ ಸಿಗೋದು ಹೇಗೆ? ಆ್ಯಪ್ ತಾನಾಗಿ ತೋರಿಸುವುದನ್ನು ಅಷ್ಟು ನಂಬಬೇಡಿ, ಅದು ಜಾಸ್ತಿ ಜನ ಕೇಳಿದ್ದನ್ನೇ ಮತ್ತೆ ಮತ್ತೆ ಮುಂದೆ ತರುತ್ತದೆ. ನಾನು ಮಾಡೋದು ಬೇರೆ. ಆಲ್ಬಮ್ಮಿನ ಹಿಂಬದಿಯ ಸಣ್ಣ ಅಕ್ಷರ ಓದುತ್ತೇನೆ: ಪ್ರೊಡ್ಯೂಸರ್ ಯಾರು, ರೆಕಾರ್ಡ್ ಮಾಡಿದವರು ಯಾರು, ಪಿಟೀಲು ಸಾಲುಗಳನ್ನು ಬರೆದವರು ಯಾರು. ಡ್ರೇಕ್ ಅವರ ಮೊದಲ ಎರಡು ಆಲ್ಬಂ ಪ್ರೊಡ್ಯೂಸ್ ಮಾಡಿದವರು ಜೋ ಬಾಯ್ಡ್. ಆ ಹೆಸರು ಹಿಡಿದು ಹೋದರೆ ಗಾಯಕಿ ವಾಶ್ಟಿ ಬನ್ಯನ್ ಅವರ 1970ರ ‘ಜಸ್ಟ್ ಅನದರ್ ಡೈಮಂಡ್ ಡೇ’ ಸಿಗುತ್ತದೆ. ಆಗ ಅದನ್ನು ಕೊಂಡವರು ತೀರಾ ಕಡಿಮೆ, ಬನ್ಯನ್ ಹಾಡುವುದನ್ನೇ ಬಿಟ್ಟರು. 2000ದಲ್ಲಿ ಆಲ್ಬಂ ಮತ್ತೆ ಬಂತು, ಜನ ಹುಡುಕಿಕೊಂಡು ಕೇಳಿದರು, 2005ರಲ್ಲಿ ಅವರ ಎರಡನೇ ಆಲ್ಬಂ ಹೊರಬಂತು. ಮೂವತ್ತೈದು ವರ್ಷ! ಅದನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಆದ್ದರಿಂದ ಮರುಬಿಡುಗಡೆಗಳ ಮೇಲೆ, ತಡವಾಗಿ ಹೊರಬರುವ ಹಳೆಯ ಹಾಡುಗಳ ಮೇಲೆ ಕಣ್ಣಿಡಿ. ಜರ್ಮನಿಯ ಗಾಯಕಿ ಸಿಬಿಲ್ ಬೈಯರ್ 1970ರ ದಶಕದ ಶುರುವಿನಲ್ಲಿ ಮನೆಯಲ್ಲೇ ಟೇಪಿಗೆ ಹಾಡಿಟ್ಟ ಹಾಡುಗಳು ಲೋಕಕ್ಕೆ ಕೇಳಿಸಿದ್ದು 2006ರಲ್ಲಿ, ಅವರ ಮಗ ಅವನ್ನು ಒಟ್ಟು ಮಾಡಿದ್ದರಿಂದ. ಆ ಆಲ್ಬಮ್ಮಿನ ಹೆಸರು ‘ಕಲರ್ ಗ್ರೀನ್’. ಪಿಂಕ್ ಮೂನ್ ಆದಮೇಲೆ ಅದನ್ನೇ ಕೇಳಿ.

ಆಟೋಪ್ಲೇ ಆಫ್ ಮಾಡೋದು ಮಾತ್ರ ಮರೀಬೇಡಿ. ಕೊನೆಯ ಹಾಡು ನಿಂತ ತಕ್ಷಣ ಇನ್ನೇನೋ ಜೋರಾಗಿ ಶುರುವಾದರೆ ತುಂಬಾ ಬೇಜಾರಾಗುತ್ತದೆ.