ಬೋಟ್ ಕಾರ್ಡ್ ಪಡೆಯುವುದು ಹೇಗೆ?

ಅಮೆರಿಕದಲ್ಲಿ ಮೋಜಿಗಾಗಿ ಬೋಟ್ ಓಡಿಸುವವರಿಗೆ ಇಡೀ ದೇಶಕ್ಕೆ ಒಂದೇ ಲೈಸೆನ್ಸ್ ಅಂತ ಇಲ್ಲ. ರಾಜ್ಯಕ್ಕೊಂದು ಕಾನೂನು. ಆದ್ದರಿಂದ ಮೊದಲು ನಿಮ್ಮ ರಾಜ್ಯದ ನಿಯಮ ನೋಡಿ. ಫ್ಲೋರಿಡಾದಲ್ಲಿ 1988ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು 10 ಹಾರ್ಸ್‌ಪವರ್ ಅಥವಾ ಅದಕ್ಕಿಂತ ಜಾಸ್ತಿ ಶಕ್ತಿಯ ಬೋಟ್ ಓಡಿಸಲು ಕಾರ್ಡ್ ಬೇಕು, ಅಂದರೆ ಬೋಟ್ ಸುರಕ್ಷತೆಯ ಕೋರ್ಸ್ ಪಾಸಾದವರಿಗೆ ರಾಜ್ಯ ಕೊಡುವ ಗುರುತಿನ ಕಾರ್ಡ್. ಕ್ಯಾಲಿಫೋರ್ನಿಯಾದಲ್ಲಿ 'ನನಗೆ ವಯಸ್ಸಾಗಿದೆ, ನನಗ್ಯಾಕೆ' ಎನ್ನುವ ಮಾತು 2025ರಿಂದ ನಡೆಯುವುದಿಲ್ಲ.

ಎರಡನೆಯದು ಕೋರ್ಸ್. ಅದಕ್ಕೆ ನಾಸ್‌ಬ್ಲಾ (ರಾಜ್ಯಗಳ ಬೋಟಿಂಗ್ ಕಾನೂನು ಅಧಿಕಾರಿಗಳ ರಾಷ್ಟ್ರೀಯ ಸಂಘ) ಮಾನ್ಯತೆ ಇರಲಿ, ನಿಮ್ಮ ರಾಜ್ಯವೂ ಅದನ್ನು ಒಪ್ಪಿರಲಿ. ಬೋಟ್‌ಯುಎಸ್ ಫೌಂಡೇಶನ್ ಹಲವು ರಾಜ್ಯಗಳಿಗೆ ಆನ್‌ಲೈನ್ ಕೋರ್ಸನ್ನು ಪುಕ್ಕಟೆ ಕೊಡುತ್ತದೆ. ಆದರೂ ಹತ್ತಿರದಲ್ಲಿ ಕೋಸ್ಟ್ ಗಾರ್ಡ್ ಆಕ್ಸಿಲಿಯರಿಯ (ಕರಾವಳಿ ಕಾವಲು ಪಡೆಯ ಸ್ವಯಂಸೇವಕರ ದಳ) ತರಗತಿ ಇದ್ದರೆ ಅಲ್ಲಿಗೇ ಹೋಗಿ. ಆನ್‌ಲೈನ್‌ನಲ್ಲಿ ಸುಮ್ನೆ 'ಮುಂದೆ, ಮುಂದೆ' ಒತ್ತಿ ಪಾಸಾದವರು ನೀರಿಗಿಳಿದಾಗ ತಬ್ಬಿಬ್ಬಾಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಪ್ರಶ್ನೋತ್ತರ ಮಾರುವ ಸೈಟ್‌ಗಳಿಗಂತೂ ಒಂದು ಡಾಲರ್ ಕೂಡ ಕೊಡಬೇಡಿ.

ಎಲ್ಲರೂ ಎಡವುವುದು ದಾರಿ ಬಿಡುವ ನಿಯಮದಲ್ಲಿ. ಎರಡು ಮೋಟಾರ್ ಬೋಟ್‌ಗಳ ದಾರಿ ಅಡ್ಡ ಬಂದರೆ, ಯಾರ ಬಲಗಡೆ ಇನ್ನೊಂದು ಬೋಟ್ ಇದೆಯೋ ಅವರು ದಾರಿ ಬಿಡಬೇಕು. ಬೋಟಿನ ಎಡಗಡೆ ಕೆಂಪು ದೀಪ, ಬಲಗಡೆ ಹಸಿರು. ರಾತ್ರಿ ಅಡ್ಡ ಬರುವ ಬೋಟಿನ ಕೆಂಪು ಕಂಡರೆ ಅದು ನಿಮ್ಮ ಬಲಗಡೆ ಇದೆ ಎಂದರ್ಥ, ದಾರಿ ಬಿಡುವವರು ನೀವು. ಬೇಗ ತಿರುಗಿ, ಎದುರಿನವರಿಗೆ ಕಾಣುವಷ್ಟು ತಿರುಗಿ. ಹಸಿರು ಕಂಡರೆ ನಿಮ್ಮ ದಿಕ್ಕು, ವೇಗ ಎರಡನ್ನೂ ಬದಲಿಸಬೇಡಿ. ಮರ್ಯಾದೆಗೆಂದು ನಿಧಾನ ಮಾಡಿ ಕೈಬೀಸುವವರೇ ಇಲ್ಲಿ ಜಾಸ್ತಿ ಗೊಂದಲ ಮಾಡುವುದು! ಹಸಿರು ಕಾಣುವ ಆ ಬೋಟಿನವರು ದಾರಿ ಬಿಡುತ್ತಲೇ ಇಲ್ಲ ಎಂದಾದರೆ ಮಾತ್ರ ನೀವೇ ತಪ್ಪಿಸಿಕೊಳ್ಳಿ. ಕೆಂಪು, ಹಸಿರು ಎರಡೂ ಕಂಡರೆ ಮುಖಾಮುಖಿ ಬರುತ್ತಿದ್ದೀರಿ, ಇಬ್ಬರೂ ಬಲಕ್ಕೆ ತಿರುಗಬೇಕು. ಹಿಂದಿನಿಂದ ದಾಟಿ ಹೋಗುವವರು ಯಾರೇ ಆಗಲಿ, ದೂರ ಸರಿಯುವ ಹೊಣೆ ಅವರದ್ದೇ. ಹಾಯಿ ದೋಣಿಗೆ ಸಾಮಾನ್ಯವಾಗಿ ಮೋಟಾರ್ ಬೋಟ್ ದಾರಿ ಬಿಡಬೇಕು, ಅಲ್ವಾ? ಆದರೆ ಹಾಯಿ ದೋಣಿ ಎಂಜಿನ್ ಹಾಕಿತೋ, ಅದೂ ಮೋಟಾರ್ ಬೋಟೇ. ಇದನ್ನೆಲ್ಲ ಕಾಗದದ ಮೇಲೆ ಬರೆದು ಕಲಿಯಿರಿ, ಬಾಯಿಪಾಠ ಸಾಲದು.

ಪರೀಕ್ಷೆ ಬರೆಯಿರಿ.

ಪಾಸಾದ ಪ್ರಮಾಣಪತ್ರವೇ ಕಾರ್ಡ್ ಎಂದುಕೊಂಡು ಕೂರಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ತೋರಿಸಿ, 10 ಡಾಲರ್ ಕಟ್ಟಿ, ಬೇರೆಯಾಗಿ ಅರ್ಜಿ ಹಾಕಬೇಕು. ಒಮ್ಮೆ ಸಿಕ್ಕಿದರೆ ಜೀವನಪೂರ್ತಿ ನಡೆಯುತ್ತದೆ. ಕಾರ್ಡ್ ಕಾರಿನಲ್ಲಿ ಬಿಡಬೇಡಿ, ಬೋಟ್ ಓಡಿಸುವಾಗ ನಿಮ್ಮ ಹತ್ತಿರವೇ ಇರಬೇಕು.